ಕಿವಿಯ ರಸಿಕರು, ಮೂಗಿನ ರಸಿಕರು

ಸಂಗೀತ ಕೇಳಲೆಂದು ದೇವರು ಮನುಷ್ಯನಿಗೆ ಎರಡು ಕಿವಿಗಳನ್ನು ಕೊಟ್ಟಿದ್ದಾನೆ. ಆದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕೆಲವು ರಸಿಕ ಮಹಾಶಯರನ್ನು ಕಂಡಾಗ, ಇವರು ಸಂಗೀತವನ್ನು ಮೂಗಿನಿಂದಲೇ ಕೇಳುತ್ತಾರೇನೋ ಎಂಬ ಸಂಶಯ ನನಗೆ ಬರುತ್ತದೆ. ಠುಮರಿ ಎಂದರೆ ಅವರು ಮೂಗು ಮುರಿಯುತ್ತಾರೆ. ನಾಟ್ಯಗೀತವೆಂದರೆ ಇನ್ನಷ್ಟು ಮುರಿಯುತ್ತಾರೆ. ಭಾವಗೀತ, ಚಿತ್ರಗೀತಗಳ ಸರದಿ ಬರುವ ಹೊತ್ತಿಗೆ ಮುರಿಯಲು ಮೂಗೇ ಉಳಿದಿರುವುದಿಲ್ಲ. ಖ್ಯಾಲಿನ ಒಳಗಾದರೂ ಶಾಂತಿಯಿದೆಯೇ ಎಂದರೆ ಅದೂ ಇಲ್ಲ. ಕಿರಾಣಾ ಘರಾಣೆಯ ಅಭಿಮಾನಿಗೆ ಜೈಪುರದವರ ತಾನು ಬರಿಯ ಗಣಿತದಂತೆ ಕೇಳಿಸುತ್ತದೆ. ಜೈಪುರದ ಅಭಿಮಾನಿಗೆ ಕಿರಾಣಾದವರ ಆಲಾಪ ಜೋಗುಳದಂತೆ ಕೇಳಿಸುತ್ತದೆ. ಬೈಠಕ್ಕಿನಲ್ಲಿ ಪಕ್ಕದಲ್ಲಿ ಕುಳಿತವನು “ಹೇಗಿತ್ತು ಗಾಯನ?” ಎಂದು ಕೇಳುವುದಕ್ಕೆ ಮೊದಲು “ನೀವು ಯಾವ ಘರಾಣೆಯವರು?” ಎಂದು ಕೇಳಿದ್ದನ್ನು ನಾನೇ ಬಲ್ಲೆ. ಹಾಡುವವನಿಗೆ ಘರಾಣೆಯಿರುವುದು ಸಹಜ. ತಂಬೂರಿಯ ಕಿವಿ ಹಿಂಡಲೂ ಬಾರದ ನನ್ನಂಥವನಿಗೆ ಘರಾಣೆ ಎಲ್ಲಿಂದ ಬಂತು?

ಘರ್ ಎಂದರೆ ಮನೆ. ಘರಾಣೆ ಎಂದರೆ ಮನೆತನ. ನಾವು ಇಷ್ಟೊಂದು ಅಭಿಮಾನದಿಂದ ಕಾದಾಡುವ ಈ ಮನೆತನಗಳ ಮೂಲ ಮನೆಗಳು ಎಲ್ಲಿವೆ? ಕೈರಾನಾ ಎಂಬುದು ಉತ್ತರ ಪ್ರದೇಶದ ಒಂದು ಊರು. ಅತ್ರೌಲಿ ಅಲೀಗಢದ ಹತ್ತಿರದ ಇನ್ನೊಂದು ಊರು. ಧಾರವಾಡದ ರಸಿಕರಲ್ಲಿ ನೂರಕ್ಕೆ ತೊಂಬತ್ತು ಮಂದಿ ಆ ಊರುಗಳ ಮಣ್ಣನ್ನು ಮೆಟ್ಟಿದವರಲ್ಲ. ಕಾಣದ ಊರಿನ ಕೀರ್ತಿಗಾಗಿ ಕಂಡ ಗೆಳೆಯನೊಡನೆ ಮಾತು ಬಿಡುವುದೆಂದರೆ ಅದೊಂದು ವಿಚಿತ್ರ ಭಕ್ತಿಯೇ ಸರಿ.

ಈ ವಿಚಿತ್ರ ನಮ್ಮೊಬ್ಬರದೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆ ಭ್ರಮೆಯನ್ನು ಕಳೆದವರು ನನ್ನ ತರಗತಿಯ ಇಬ್ಬರು ವಿದ್ಯಾರ್ಥಿಗಳು. ಇಬ್ಬರೂ ಕರಿಯ ಅಂಗಿ ತೊಡುವವರು. ಇಬ್ಬರೂ ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತದ ಭಕ್ತರು. ಆದರೂ ಇಡೀ ಒಂದು ಸತ್ರ ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಕಾರಣ ವಿಚಾರಿಸಿದೆ. ಒಬ್ಬ ಥ್ರ್ಯಾಶ್ ಮೆಟಲಿನವನು, ಇನ್ನೊಬ್ಬ ಡೆತ್ ಮೆಟಲಿನವನು! ಎರಡನೆಯವನ ದೃಷ್ಟಿಯಲ್ಲಿ ಮೊದಲನೆಯವನು ಬರಿಯ ‘ಪೋಸರ್’, ಅಂದರೆ ವೇಷಧಾರಿ. ಆ ಪಂಥದಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲವಂತೆ. ಅವರಿಂದ ನಾನು ಎಷ್ಟೋ ಸಂಗತಿಗಳನ್ನು ತಿಳಿದೆ. 2007ರಲ್ಲಿ ಐರನ್ ಮೇಡನ್ ತಂಡವೂ 2011ರಲ್ಲಿ ಮೆಟಾಲಿಕಾ ತಂಡವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದುದನ್ನು ಅವರ ಪಂಥದ ಹಿರಿಯರು ಪುಷ್ಕರದ ಸ್ನಾನದಂತೆ ನೆನೆಯುತ್ತಾರೆ. ಅದೇ ಮೆಟಾಲಿಕಾದವರು 1996ರಲ್ಲಿ ಕೂದಲು ಕತ್ತರಿಸಿಕೊಂಡು ಸ್ವಲ್ಪ ಮೆತ್ತಗಿನ ಸಂಗೀತದ ಧ್ವನಿಮುದ್ರಿಕೆ ಹೊರತಂದಾಗ, ಹಳೆಯ ಅಭಿಮಾನಿಗಳು ಧರ್ಮ ಕೆಟ್ಟಿತೆಂದು ಗೋಳಾಡಿದರಂತೆ. ಇದನ್ನು ಕೇಳಿ ನನಗೆ ನಗೆ ಬರಲಿಲ್ಲ; ಊರು ನೆನಪಾಯಿತು. ಭೀಮಸೇನ ಜೋಶಿಯವರು ಅಭಂಗ, ದಾಸರ ಪದಗಳನ್ನು ಸಾವಿರಾರು ಜನರೆದುರು ಹಾಡತೊಡಗಿದಾಗ “ಇನ್ನು ಅವರ ಖ್ಯಾಲು ಮುಗಿಯಿತು” ಎಂದ ಹಿರಿಯರ ಮಾತು ನಮ್ಮಲ್ಲಿ ಈಗಲೂ ಆಗೀಗ ಕೇಳಿಬರುತ್ತದೆ.

ಆ ಹುಡುಗರು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಹೆವಿ ಮೆಟಲಿನ ಮೂಲಪುರುಷರೆನ್ನಿಸಿದ ಬ್ಲ್ಯಾಕ್ ಸಬ್ಬತ್ ತಂಡ ಇಂಗ್ಲಂಡಿನ ಬರ್ಮಿಂಗ್‌ಹ್ಯಾಮಿನದು; ಅದರ ಮೊದಲ ಧ್ವನಿಮುದ್ರಿಕೆ ಬಂದದ್ದು 1970ರಲ್ಲಿ. ಆ ತಂಡದ ಗಿಟಾರುವಾದಕ ಟೋನಿ ಐಯೋಮಿ ಹದಿಹರೆಯದಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಕೂಲಿಗಿದ್ದಾಗ ಯಂತ್ರಕ್ಕೆ ಸಿಕ್ಕು ಅವನ ಬಲಗೈಯ ಎರಡು ಬೆರಳುಗಳ ತುದಿ ತುಂಡಾದವು. ಅವನು ಎಡಚ; ತಂತಿಯನ್ನು ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ನೋವಾಗದಿರಲೆಂದು ತೆಳುವಾದ ತಂತಿ ಕಟ್ಟಿದ. ಮುಂದೆ ಆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಆ ಸಡಿಲ ತಂತಿಯ ಭಾರವಾದ, ಮಬ್ಬುಮಬ್ಬಾದ ನಾದವೇ ಮುಂದೆ ಒಂದು ಸಂಗೀತ ಪ್ರಕಾರದ ಗುರುತಾಯಿತು. ಗಾಯಗೊಂಡ ಕೈಗೆ ದೊರೆತ ಉಪಾಯವೊಂದು ಅನುಯಾಯಿಗಳ ಪಾಲಿಗೆ ಮಡಿಯಾಯಿತು!

ಇಂಥದೇ ಕಥೆ ನಮ್ಮ ಮಗ್ಗುಲಲ್ಲೂ ಇದೆ. ಜೈಪುರ-ಅತ್ರೌಲಿ ಘರಾಣೆಯ ಪ್ರವರ್ತಕರಾದ ಉಸ್ತಾದ್ ಅಲ್ಲಾದಿಯಾಖಾನರು (1855–1946) ತಾರುಣ್ಯದಲ್ಲಿ ಸಂಸ್ಥಾನವೊಂದರ ಆಸ್ಥಾನದಲ್ಲಿ ವಿಪರೀತ ಹಾಡಿ ಕಂಠ ಕಳೆದುಕೊಂಡರು. ಕಾಲಾಂತರದಲ್ಲಿ ಕಂಠ ಮರಳಿತಾದರೂ ಮೊದಲಿನ ಮಾಧುರ್ಯದೊಡನೆ ಮರಳಲಿಲ್ಲ. ಆಗ ಅವರು ತಮ್ಮ ಮನೆತನದ ಧ್ರುಪದದ ಬುನಾದಿಯ ಮೇಲೆ, ಉಳಿದ ಕಂಠಕ್ಕೆ ಹೊಂದುವ ಹೊಸದೊಂದು ಗಾಯಕಿಯನ್ನು ಕಟ್ಟಿಕೊಂಡರು. ಲಯದೊಡನೆ ಹೆಣೆದುಕೊಂಡು ಸುತ್ತಿ ಸುತ್ತಿ ಬರುವ ತಾನು, ಅಪರೂಪದ ಜೋಡುರಾಗಗಳ ಬಿಗುವು, ಇಂದು ಯಾವುದನ್ನು ‘ಶುದ್ಧ ಜೈಪುರ’ ಎನ್ನುತ್ತೇವೆಯೋ ಅದರಲ್ಲಿ ಬಹುಭಾಗ ಹುಟ್ಟಿದ್ದು ಒಡೆದ ಕಂಠದ ಹಟದಿಂದ. ಶೈಲಿ ಹುಟ್ಟುವುದು ಕೊರತೆಯಿಂದ. ಶೈಲಿಯ ಜಂಬ ಹುಟ್ಟುವುದು ಆ ಕೊರತೆಯನ್ನು ಮರೆತವರಿಂದ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯ ಗಾಯಕರ ಕಡೆಗೆ ನೋಡಬೇಕು. ಕುಂದಗೋಳದ ರಾಮಭಾವು ಕುಂದಗೋಳಕರ (1886–1952) ಅವರು ಕಿರಾಣಾದ ಅಬ್ದುಲ್ ಕರೀಂಖಾನರ ಶಿಷ್ಯರು. ಅವರು ಬಹುಕಾಲ ಮರಾಠಿ ನಾಟಕ ಕಂಪನಿಗಳಲ್ಲಿ ಹೆಣ್ಣುವೇಷ ಕಟ್ಟಿ ಹಾಡಿದವರು. ಆ ಕಾಲದ ರಂಗಭೂಮಿಯ ಸಾರ್ವಭೌಮನೆಂದರೆ ಬಾಲಗಂಧರ್ವ. ಇವರು ಅವನಿಗಿಂತ ಕಾಲುಪಾಲು ಹೆಚ್ಚು ಎಂದು ಜನ ಮೆಚ್ಚಿ ‘ಸವಾಯಿ ಗಂಧರ್ವ’ ಎಂದು ಕರೆದರು. ಪುಣೆಯಲ್ಲಿ 1953ರಿಂದ ನಡೆದು ಬಂದಿರುವ, ಖ್ಯಾಲಿನ ಭಕ್ತರು ವರ್ಷವಿಡೀ ಕಾಯುವ ಮಹೋತ್ಸವಕ್ಕೆ ಇರುವುದು ಇದೇ ಹೆಸರು. ನಾಟ್ಯಗೀತಕ್ಕೆ ಮೂಗು ಮುರಿಯುವ ರಸಿಕರು ನಾಟಕದ ತೆರೆಯ ಮುಂದೆ ದೊರೆತ ಬಿರುದಿನ ನೆರಳಿನಲ್ಲೇ ಕುಳಿತು ಶುದ್ಧ ಸಂಗೀತವನ್ನು ಆಲಿಸುತ್ತಾರೆ!

ಅವರ ಗುರುಗಳಾದ ಕರೀಂಖಾನರು (1872–1937) ತಾವೇ ಯಾವ ಬೇಲಿಯನ್ನು ಉಳಿಸಿಕೊಂಡಿದ್ದರು? ಠುಮರಿ ಹಾಡಿದರು, ಮರಾಠಿ ನಾಟ್ಯಗೀತವನ್ನು ಮುದ್ರಿಸಿಕೊಟ್ಟರು, ಮೈಸೂರು ದರಬಾರಿನ ಸಂಪರ್ಕದಲ್ಲಿ ಕರ್ನಾಟಕ ಸಂಗೀತವನ್ನು ಕಿವಿಗೊಟ್ಟು ಕೇಳಿ ಖರಹರಪ್ರಿಯ, ಸಾವೇರಿ ರಾಗಗಳನ್ನು ಹಾಡಿದರು. ಬಾಲಕ ಭೀಮಸೇನನನ್ನು ಮನೆ ಬಿಟ್ಟು ಓಡುವಂತೆ ಮಾಡಿದ ಕರೀಂಖಾನರ ಧ್ವನಿಮುದ್ರಿಕೆ ಝಿಂಜೋಟಿಯ ಒಂದು ಠುಮರಿ. ಬಡಾಖ್ಯಾಲಲ್ಲ ಎಂಬುದನ್ನು ಗಮನಿಸಬೇಕು.

ಜೈಪುರ ಗಾಯಕಿಗೆ ಧಾರವಾಡದಲ್ಲಿ ನೆಲೆ ಕಟ್ಟಿದ ಮಲ್ಲಿಕಾರ್ಜುನ ಮನಸೂರರು (1910–1992) ಎಳವೆಯಲ್ಲಿ ನಾಟಕ ಕಂಪನಿಯಲ್ಲಿದ್ದವರು. ಅಲ್ಲಿ ಹಾಡುತ್ತಿದ್ದ ಹುಡುಗನ ಕಂಠವನ್ನು ಕೇಳಿಯೇ ಮಿರಜದ ನೀಲಕಂಠಬುವಾ ಆಲೂರಮಠರು ಅವರನ್ನು ಶಿಷ್ಯನಾಗಿ ಸ್ವೀಕರಿಸಿ ಗ್ವಾಲಿಯರ್ ಪದ್ಧತಿಯ ಪಾಠ ಹೇಳಿದರು. ಆಮೇಲೆ ಅಲ್ಲಾದಿಯಾಖಾನರ ಮಗ ಮಂಜೀಖಾನರು, 1937ರಲ್ಲಿ ಅವರು ತೀರಿಕೊಂಡ ಮೇಲೆ ಇನ್ನೊಬ್ಬ ಮಗ ಬುರ್ಜೀಖಾನರು ಗುರುಗಳಾದರು. ಇಷ್ಟು ಕಠಿನವಾದ ಶಿಕ್ಷಣ ಪಡೆದ ಮನಸೂರರು ಕೊನೆಯವರೆಗೂ ಶರಣರ ವಚನಗಳನ್ನು ಹಾಡಿದರು. ಯಾಲಿವಾಳದ ಬಸವರಾಜ ರಾಜಗುರುಗಳು (1917–1991) ಪಂಚಾಕ್ಷರ ಗವಾಯಿಗಳ ಬಳಿ ಕಲಿತು, ಮುಂದೆ ಹಲವು ಘರಾಣೆಗಳ ಗುರುಗಳ ಬಾಗಿಲು ತಟ್ಟಿ, ಖ್ಯಾಲು, ವಚನ, ನಾಟ್ಯಗೀತ, ಗಝಲುಗಳನ್ನು ಒಂದೇ ಬೈಠಕ್ಕಿನಲ್ಲಿ ಬಡಿಸುತ್ತಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಂತೂ ಅಂಧ ಬಾಲಕರ ಅನ್ನಕ್ಕೂ ವಿದ್ಯೆಗೂ ನಾಟಕ ಕಂಪನಿಯೇ ಊರುಗೋಲಾಗಿದ್ದ ಕಾಲವಿತ್ತು. ಹಾರ್ಮೋನಿಯಂ, ನಾಟಕ, ಭಜನೆ, ಪುರಾಣಗಳ ಹಂಗಿಲ್ಲದ ಹಿಂದುಸ್ತಾನಿ ಸಂಗೀತ ಉತ್ತರ ಕರ್ನಾಟಕದಲ್ಲಿ ಎಂದೂ ಇರಲೇ ಇಲ್ಲ.

ಹಾಗಾದರೆ ಬೇಲಿ ಕಟ್ಟಿದವರು ಯಾರು? ಕೇಳುವವರು, ಮತ್ತು ಕೇಳುವವರ ಹೆಸರಿನಲ್ಲಿ ಅಧಿಕಾರ ನಡೆಸಿದವರು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತು. 1971ರವರೆಗೆ ಅದು ಸಡಿಲಲಿಲ್ಲ. ಧಾರವಾಡದ ನಿಲಯ 1950ರಲ್ಲಿ ಆರಂಭವಾದಾಗಲೂ ಅದೇ ಕಟ್ಟಳೆ. ಬೈಠಕ್ಕಿನಲ್ಲಿ ಹಾರ್ಮೋನಿಯಂ ಜೊತೆಗೆ ಹಾಡಿದ ಗಾಯಕರೇ ಸ್ಟುಡಿಯೋದ ಬಾಗಿಲು ದಾಟಿದೊಡನೆ ಅದನ್ನು ಹೊರಗೆ ಬಿಟ್ಟು ಬರಬೇಕಾಗಿತ್ತು. 1952ರಲ್ಲಿ ಬಿ. ವಿ. ಕೇಸಕರರು ಮಂತ್ರಿಗಳಾದ ಮೇಲೆ ಚಿತ್ರಗೀತಗಳಿಗೂ ಕತ್ತರಿ ಬಿತ್ತು. ಫಲವೇನಾಯಿತು? ಜನ ಖ್ಯಾಲಿನ ಕಡೆಗೆ ತಿರುಗಲಿಲ್ಲ. ರೇಡಿಯೋದ ಗುಂಡಿಯನ್ನು ಸಿಲೋನಿನ ಕಡೆಗೆ ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿಯನ್ನು ತೆರೆದು ಸರಕಾರವೇ ಜನರನ್ನು ಮರಳಿ ಕರೆಯಬೇಕಾಯಿತು. ತಿರಸ್ಕಾರದಿಂದ ಅಭಿರುಚಿ ಬೆಳೆಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂಗಿನ ರಸಿಕತೆಗೆ ಇದಕ್ಕಿಂತ ಕಹಿಯಾದ ಇನ್ನೊಂದು ಬೇರಿದೆ. ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಿಂದ ಪಾಠ ಪಡೆದವರು. ಬಾಲ್ಯದಲ್ಲಿ ಧಾರವಾಡದ ಓಣಿಯಲ್ಲಿ ನಡೆದು ಹೋಗುವಾಗ ‘ಗಾಣೇವಾಲಿ’ ಎಂದು ಜನ ಹಂಗಿಸುತ್ತಿದ್ದುದನ್ನು ಅವರು ನೆನೆದಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಹಾಡಲು ಹೋದ ಹುಡುಗಿಗೆ, ಊಟದ ಪಂಕ್ತಿಯಲ್ಲಿ ತನ್ನನ್ನು ಬೇರೆ ಕೂಡಿಸುವರೋ ಏನೋ ಎಂಬ ಅಂಜಿಕೆಯಿತ್ತಂತೆ. ಹಾಡುವ ಗಂಡಸು ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಮಾತ್ರ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂಬ ಮಾತನ್ನೂ ಅವರು ಆಡಿದ್ದಾರೆ. ಇದನ್ನು ನೆನೆದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. “ಇದು ಹಗುರ ಸಂಗೀತ, ಅದು ಘನ ಸಂಗೀತ” ಎಂದು ನಾವು ಆಡುವ ಮಾತು ಎಷ್ಟೋ ವೇಳೆ ಸಂಗೀತವನ್ನು ಕುರಿತದ್ದಲ್ಲ. ಅದನ್ನು ಹಾಡುವವರ ಕುಲ, ಕೇಳುವವರ ಅಂತಸ್ತುಗಳನ್ನು ಕುರಿತದ್ದು. ಜಾತಿಯ ಮಡಿಯನ್ನು ಬಾಯಿಬಿಟ್ಟು ಆಡಲು ನಾಚುವ ಕಾಲದಲ್ಲಿ ರಾಗದ ಮಡಿ ಅದರ ಕೆಲಸವನ್ನು ಸದ್ದಿಲ್ಲದೆ ನಿರ್ವಹಿಸುತ್ತದೆ.

ಕೆಲವು ವರ್ಷಗಳ ಹಿಂದೆ ನವಲಗುಂದದ ಕಡೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಸಂಗೀತ ಸ್ಪರ್ಧೆಯೊಂದರಲ್ಲಿ ಶಿಶುನಾಳ ಶರೀಫರ ತತ್ತ್ವಪದವನ್ನು ಹಾಡಿದ. ಅಜ್ಜನ ಭಜನಾ ಮೇಳದಲ್ಲಿ ಕಲಿತ ಮಟ್ಟು. ತಾರಸಪ್ತಕದಲ್ಲಿ ನಿರಾಯಾಸವಾಗಿ ನಿಲ್ಲುವ ಕಂಠ. ತೀರ್ಪುಗಾರರಲ್ಲೊಬ್ಬರು ಸಭೆಯಲ್ಲೇ, “ಇದು ಭಜನೆ; ಇಲ್ಲಿ ಸಂಗೀತದ ಸ್ಪರ್ಧೆ ನಡೆದಿದೆ” ಎಂದರು. ಸಭೆ ನಕ್ಕಿತು. ಹುಡುಗ ನಮಸ್ಕಾರ ಮಾಡಿ ಕೆಳಗಿಳಿದ. ಆ ಮೇಲೆ ನಮ್ಮೂರಿನ ಯಾವ ಸಂಗೀತ ಸಭೆಯಲ್ಲಿಯೂ ನಾನು ಅವನನ್ನು ಕಾಣಲಿಲ್ಲ. ಬೈಠಕ್ಕುಗಳಲ್ಲಿ ನರೆತ ತಲೆಗಳೇ ತುಂಬಿವೆ, ತರುಣರು ಬರುವುದಿಲ್ಲ ಎಂದು ನಾವು ಪ್ರತಿವರ್ಷ ಹಲುಬುತ್ತೇವೆ. ಬಂದವರನ್ನು ನಾವು ಹೇಗೆ ಕಳಿಸಿಕೊಟ್ಟೆವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಡವೆ?

ಹಾಗೆಂದು ಎಲ್ಲ ಸಂಗೀತವೂ ಒಂದೇ, ಎಲ್ಲವೂ ಸಮ ಎಂಬ ಅಡ್ಡಗೋಡೆಯ ಮೇಲಿನ ದೀಪವನ್ನು ನಾನು ಇಡಲಾರೆ. ತಾರತಮ್ಯಜ್ಞಾನವಿಲ್ಲದೆ ರಸಿಕತೆಯಿಲ್ಲ. ಘರಾಣೆ ಎಂಬುದು ಕಲಿಯುವವನಿಗೆ ವ್ಯಾಕರಣವಿದ್ದಂತೆ. ಅದು ಕಂಠಕ್ಕೊಂದು ಹದ, ರಾಗಕ್ಕೊಂದು ಮರ್ಯಾದೆ ಕೊಡುತ್ತದೆ. ಮನಸೂರರು ಅದರ ಶಿಸ್ತಿಗೆ ಒಳಪಡದೆ ಹೋಗಿದ್ದರೆ ಖಟ್, ಶುದ್ಧನಟ ಮುಂತಾದ ರಾಗಗಳು ನಮ್ಮ ಕಿವಿಗೆ ಅಷ್ಟು ಸ್ಫುಟವಾಗಿ ಬೀಳುತ್ತಿರಲಿಲ್ಲ. ನಾನೂ ತರಗತಿಯಲ್ಲಿ ಕೇಶಿರಾಜನ ಸೂತ್ರಗಳನ್ನು ಕಟ್ಟುನಿಟ್ಟಾಗಿ ಕಲಿಸುವವನೇ. ಆದರೆ ಶಬ್ದಮಣಿದರ್ಪಣವನ್ನು ಓದಿದವನು ಸಂತೆಯಲ್ಲಿ ರೈತನ ಮಾತು ಕೇಳಿ ನಕ್ಕರೆ ಅದು ಕೇಶಿರಾಜನ ತಪ್ಪಲ್ಲ, ಓದಿದವನ ಕೊರತೆ. ವಿವೇಕವು “ಇದರಲ್ಲಿ ಏನಿದೆ?” ಎಂದು ವಿಚಾರಿಸುತ್ತದೆ, ಜಂಬವು “ಇದು ಯಾರದು?” ಎಂದು ವಿಚಾರಿಸಿ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತು ಆಲಿಸುವುದಕ್ಕೂ ಸಲ್ಲುತ್ತದೆ, ಪ್ರಶ್ನಿಸುವುದಕ್ಕೂ ಸಲ್ಲುತ್ತದೆ. ಅಧ್ಯಾಪಕರಾದ ನಾವು ಎರಡನ್ನೂ ಜೊತೆಯಾಗಿ ಮಾಡಬಹುದು. ಆ ಕರಿಯಂಗಿಯ ಹುಡುಗರಿಗೆ ನಾನು ಮನಸೂರರ ಧ್ವನಿಮುದ್ರಿಕೆಯೊಂದನ್ನು ಕೇಳಿಸಿದೆ. ಅವರು ನನಗೆ ಐಯೋಮಿಯ ಗಿಟಾರನ್ನು ಕೇಳಿಸಿದರು. ನನಗೆ ಅದು ಪೂರ್ತಿ ಒಗ್ಗಲಿಲ್ಲ. ಅವರಿಗೆ ಇದು ಪೂರ್ತಿ ತಿಳಿಯಲಿಲ್ಲ. ಆದರೆ ತಾನು ಸಮಕ್ಕೆ ಬಂದು ಬಿದ್ದ ಗಳಿಗೆಯಲ್ಲಿ ಥ್ರ್ಯಾಶಿನವನೂ ಡೆತ್ತಿನವನೂ ಒಮ್ಮೆಲೇ ತಲೆದೂಗಿದರು. ತಲೆದೂಗಿದ ಮೇಲೆ, ಮಾತು ಬಿಟ್ಟವರೆಂಬುದನ್ನು ಮರೆತು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.