ರಾಜ್ಯಪತ್ರಗಳಲ್ಲಿ ಆಂಗ್ಲ ಉಪಪದಗಳ ವಿವೇಚನೆ

ಆಂಗ್ಲ ಭಾಷೆಯ ‘ಎ’, ‘ದಿ’ ಎಂಬ ಉಪಪದಗಳಿಗೆ ಕನ್ನಡದಲ್ಲಿ ಸರಿಸಮನಾದ ಪದಗಳಿಲ್ಲ. ‘ಒಂದು’, ‘ಆ’ ಎಂಬುವನ್ನು ನಾವು ಬೇಕಾದೆಡೆ ಬಳಸಿ, ಬೇಡವಾದೆಡೆ ಬಿಡುತ್ತೇವೆ. ಆದಕಾರಣ ಆಂಗ್ಲ ದಾಖಲೆಗಳನ್ನು ಓದುವಾಗ ಉಪಪದವನ್ನು ಗಮನಿಸದೆ ಮುಂದೆ ಸಾಗುವುದು ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಇತಿಹಾಸದ ಅಭ್ಯಾಸಿಗೆ ಇದು ಕೇವಲ ವ್ಯಾಕರಣದ ವಿಷಯವಲ್ಲವೆಂಬುದನ್ನು ಪ್ಯಾಲೆಸ್ತೀನಿಗೆ ಸಂಬಂಧಿಸಿದ ಎರಡು ದಾಖಲೆಗಳಿಂದ ತಿಳಿಯಬಹುದು.

ಮೊದಲು ನಿಯಮವನ್ನು ನೋಡೋಣ. ಯಾವ ವಸ್ತುವೆಂಬುದು ಕೇಳುವವನಿಗೆ ಗೊತ್ತಿದ್ದರೆ ‘ದಿ’ ಬರುತ್ತದೆ. ಬಹುವಚನದೊಡನೆ ಬಂದಾಗ ಅದು ಸಾಮಾನ್ಯವಾಗಿ ಆ ಗುಂಪಿನ ಸಮಸ್ತವನ್ನೂ ಸೂಚಿಸುತ್ತದೆ. ‘ಎ’ ಎಂಬುದು ಆ ಜಾತಿಯ ಯಾವುದೋ ಒಂದನ್ನು ಹೇಳುತ್ತದೆ. ಉಪಪದವೇ ಇಲ್ಲದ ಬಹುವಚನವಾದರೋ ‘ಎಲ್ಲ’ ಎಂದೂ ಹೇಳದು, ‘ಕೆಲವು’ ಎಂದೂ ಹೇಳದು.

1917ರ ಜುಲೈ ತಿಂಗಳಲ್ಲಿ ಲಾರ್ಡ್ ರಾಥ್‌ಚೈಲ್ಡ್ ಅವರು ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್ಫರರಿಗೆ ಕಳುಹಿಸಿದ ಕರಡಿನಲ್ಲಿ ಪ್ಯಾಲೆಸ್ತೀನನ್ನೇ ಯೆಹೂದ್ಯರ ರಾಷ್ಟ್ರೀಯ ನೆಲೆಯನ್ನಾಗಿ ಪುನರ್ರಚಿಸುವ ಮಾತಿದ್ದಿತು. ಅಲ್ಲಿದ್ದ ಉಪಪದ ‘ದಿ’. ನವೆಂಬರ್ 2ರ ಘೋಷಣೆಯಲ್ಲಿ ಅದು ಪ್ಯಾಲೆಸ್ತೀನಿನೊಳಗೆ ‘ಒಂದು’ ನೆಲೆ ಎಂದಾಯಿತು. ‘ದಿ’ ಹೋಗಿ ‘ಎ’ ಬಂದಿತು. ಇಡೀ ಪ್ಯಾಲೆಸ್ತೀನನ್ನು ಅಂತಹ ನೆಲೆಯಾಗಿ ಮಾರ್ಪಡಿಸುವುದು ಘೋಷಣೆಯ ಆಶಯವಲ್ಲವೆಂದು 1922ರ ಬ್ರಿಟಿಷ್ ಶ್ವೇತಪತ್ರವು ಸ್ಪಷ್ಟಪಡಿಸಿತು.

ಎರಡನೆಯದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 1967ರ ನವೆಂಬರ್ 22ರಂದು ಸರ್ವಾನುಮತದಿಂದ ಅಂಗೀಕರಿಸಿದ 242ನೆಯ ನಿರ್ಣಯ. ಜೂನ್ ಯುದ್ಧದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿ ಸೇನೆಯು ಹಿಂದೆಗೆಯಬೇಕೆಂಬ ಅದರ ಆಂಗ್ಲ ವಾಕ್ಯದಲ್ಲಿ ‘ಪ್ರದೇಶಗಳು’ ಎಂಬ ಪದಕ್ಕೆ ಉಪಪದವಿಲ್ಲ. ಆದ್ದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕಾಗಿಲ್ಲವೆಂದು ಇಸ್ರೇಲ್ ವಾದಿಸಿತು. ಸಮಸ್ತ ಪ್ರದೇಶಗಳೂ ಸೇರಿವೆಯೆಂದು ಅರಬ್ ರಾಷ್ಟ್ರಗಳು ವಾದಿಸಿದವು. ಅಂದು ಮಂಡಳಿಯ ಸದಸ್ಯನಾಗಿದ್ದ ಭಾರತದ ಪ್ರತಿನಿಧಿ ಜಿ. ಪಾರ್ಥಸಾರಥಿಯವರೂ ‘ಎಲ್ಲ ಪ್ರದೇಶಗಳು’ ಎಂಬುದೇ ತಮ್ಮ ಗ್ರಹಿಕೆಯೆಂದು ಮತದಾನಕ್ಕೆ ಮುನ್ನ ಒತ್ತಿ ಹೇಳಿದರು. ಫ್ರೆಂಚ್ ಪಾಠದಲ್ಲಿ ಬಳಸಿದ ‘ದೆ’ ಎಂಬ ರೂಪವು ನಿಶ್ಚಯಾರ್ಥಕ್ಕೆ ಎಡೆಕೊಡುವುದರಿಂದ ವಿವಾದವು ಮತ್ತಷ್ಟು ತೊಡಕಾಯಿತು.

ಆದರೂ ಉಪಪದದ ಅಭಾವವೊಂದರಿಂದಲೇ ‘ಕೆಲವು’ ಎಂಬ ಅರ್ಥವು ಸಿದ್ಧಿಸದು. ‘ಎರವಲು ತಂದ ಪುಸ್ತಕಗಳನ್ನು ಹಿಂದಿರುಗಿಸತಕ್ಕದ್ದು’ ಎಂಬ ಸೂಚನೆಯನ್ನು ಆಂಗ್ಲದಲ್ಲಿ ‘ದಿ’ ಇಲ್ಲದೆ ಬರೆದರೂ, ಕೆಲವನ್ನು ಇಟ್ಟುಕೊಳ್ಳಬಹುದೆಂದು ಯಾರೂ ತಿಳಿಯುವುದಿಲ್ಲ. ಯುದ್ಧದಿಂದ ಭೂಮಿಯನ್ನು ಗಳಿಸುವುದು ಸಲ್ಲದೆಂದು ಅದೇ ನಿರ್ಣಯದ ಪೀಠಿಕೆ ಹೇಳುತ್ತದೆ. ಪ್ರತಿಯೊಂದು ರಾಷ್ಟ್ರಕ್ಕೂ ಸುರಕ್ಷಿತವಾದ, ಮಾನ್ಯವಾದ ಗಡಿಗಳಿರಬೇಕೆಂದು ಮುಂದಿನ ಭಾಗ ಹೇಳುತ್ತದೆ. ಇವೆರಡನ್ನೂ ಕೂಡಿಸಿ ಓದಿಯೇ ಅರ್ಥನಿರ್ಣಯಕ್ಕೆ ತೊಡಗಬೇಕು.

ಇಂತಹ ಪತ್ರಗಳನ್ನು ಕನ್ನಡಿಸುವಾಗ ‘ಎ’ ಇದ್ದೆಡೆ ‘ಒಂದು’ ಎಂದೂ, ‘ದಿ’ ಖಚಿತವಾಗಿ ಗುರುತಿಸುವೆಡೆ ‘ಆ’ ಎಂದೂ ಬರೆಯುವುದು ಕ್ಷೇಮ. ಉಪಪದವಿಲ್ಲದೆಡೆ ಬರಿಯ ಬಹುವಚನವನ್ನೇ ಉಳಿಸಬೇಕು. ಅಲ್ಲಿ ‘ಎಲ್ಲ’ ಅಥವಾ ‘ಕೆಲವು’ ಎಂದು ಸೇರಿಸಿದರೆ, ಭಾಷಾಂತರಕಾರನು ತನಗರಿವಿಲ್ಲದೆಯೇ ವಿವಾದದಲ್ಲಿ ಒಂದು ಪಕ್ಷವನ್ನು ವಹಿಸಿದಂತಾಗುತ್ತದೆ.