ಕಾರಿನ ಹೊರಮೈ ಪ್ಲಾಸ್ಟಿಕ್ ಬಿಳಿಚುವಿಕೆ ಮತ್ತು ಪುನಶ್ಚೇತನ

ಕಾರಿನ ಹೊರಮೈಯಲ್ಲಿ ಬಣ್ಣ ಬಳಿಯದೆ ಕಪ್ಪಾಗಿಯೇ ಉಳಿಸಿದ ಪ್ಲಾಸ್ಟಿಕ್ ಭಾಗಗಳು ಬಿಸಿಲಿಗೆ ಸಿಕ್ಕಿ ಕ್ರಮೇಣ ಬೂದುಬಣ್ಣಕ್ಕೆ ತಿರುಗುವುದನ್ನು ಪ್ಲಾಸ್ಟಿಕ್ ಬಿಳಿಚುವಿಕೆ ಎನ್ನುತ್ತಾರೆ. ಬಂಪರ್, ಚಕ್ರದ ಕಮಾನಿನ ಅಂಚು, ಬಾಗಿಲಿನ ಪಟ್ಟಿ, ಕನ್ನಡಿಯ ಕವಚ, ವೈಪರ್ ಬುಡದ ಜಾಲರಿ ಇವು ಸಾಮಾನ್ಯವಾಗಿ ಬಿಳಿಚುವ ಭಾಗಗಳು. ಅವುಗಳ ಕಪ್ಪನ್ನು ಮರಳಿ ತರುವ ವಿಧಾನಗಳಿಗೆ ಪುನಶ್ಚೇತನವೆಂದು ಹೆಸರು. ಬಿಳಿಚುವಿಕೆ ಕೊಳೆಯಲ್ಲ; ಅದು ಪ್ಲಾಸ್ಟಿಕ್ಕಿನ ಮೇಲ್ಪದರದ ರಾಸಾಯನಿಕ ಸವೆತ. ಆದ್ದರಿಂದ ತೊಳೆದರೆ ಹೋಗುವುದಿಲ್ಲ, ಎಣ್ಣೆ ಒರೆಸಿದರೆ ವಾಸಿಯಾಗುವುದೂ ಇಲ್ಲ.

ಪ್ಲಾಸ್ಟಿಕ್ ಮತ್ತು ಸವೆತದ ಕಾರಣ

ಹಳೆಯ ಅಂಬಾಸಿಡರ್ ಕಾರಿನ ಬಂಪರ್ ಕ್ರೋಮಿಯಂ ಲೇಪಿತ ಉಕ್ಕಿನದು. ಅದರ ಶತ್ರು ತುಕ್ಕು. ಇಂದಿನ ಕಾರುಗಳ ಬಂಪರ್ ಮತ್ತು ಅಂಚುಪಟ್ಟಿಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್‌ಗೆ ರಬ್ಬರ್ ಮತ್ತು ಟಾಲ್ಕ್ ಪುಡಿ ಬೆರೆಸಿದ ಮಿಶ್ರಣದಿಂದ ತಯಾರಾಗುತ್ತವೆ. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಸ್ಫಟಿಕರೂಪದ ಪಾಲಿಪ್ರೊಪಿಲೀನನ್ನು ಸಿದ್ಧಪಡಿಸಿದರು. ಜರ್ಮನಿಯ ಕಾರ್ಲ್ ಜೀಗ್ಲರ್ ಅವರೊಂದಿಗೆ ನಟ್ಟಾ 1963ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಈ ಪ್ಲಾಸ್ಟಿಕ್ ಹಗುರ, ಅಗ್ಗ. ಸಣ್ಣ ಪೆಟ್ಟಿಗೆ ಬಾಗಿ ಮತ್ತೆ ನೇರವಾಗುತ್ತದೆ.

ಆದರೆ ಬಿಸಿಲಿನ ಮುಂದೆ ಇದು ದುರ್ಬಲ. ಪಾಲಿಪ್ರೊಪಿಲೀನ್ ಅಣುವಿನ ಉದ್ದನೆಯ ಇಂಗಾಲದ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕೊಂಡಿಗೆ ಪಕ್ಕಗವಲಿದೆ. ಅಲ್ಲಿನ ಜಲಜನಕದ ಬಂಧ ಸಡಿಲ. ನೇರಳಾತೀತ ಕಿರಣಗಳ ಶಕ್ತಿಯೂ ಗಾಳಿಯ ಆಮ್ಲಜನಕವೂ ಸೇರಿದಾಗ ಸರಪಳಿ ಆ ಸ್ಥಳದಲ್ಲಿ ಕಡಿಯತೊಡಗುತ್ತದೆ. ಇದನ್ನು ದ್ಯುತಿ-ಉತ್ಕರ್ಷಣೆ ಎನ್ನುತ್ತಾರೆ. ಇದನ್ನು ತಡೆಯಲೆಂದೇ ತಯಾರಕರು ಕಾರ್ಬನ್ ಬ್ಲ್ಯಾಕ್ ಎಂಬ ಇಂಗಾಲದ ಮಸಿಯನ್ನೂ ಕಿರಣನಿರೋಧಕ ರಾಸಾಯನಿಕಗಳನ್ನೂ ಬೆರೆಸುತ್ತಾರೆ. ಕಬ್ಬಿನ ಗದ್ದೆಗಳಲ್ಲಿ ಹಾಸಿದ ಹನಿ ನೀರಾವರಿಯ ಕಪ್ಪು ಪೈಪುಗಳು ವರ್ಷಗಟ್ಟಲೆ ಬಿಸಿಲನ್ನು ತಾಳುವುದೂ ಈ ಮಸಿಯ ಬಲದಿಂದಲೇ. ಆದರೆ ಕಿರಣನಿರೋಧಕಗಳು ಕಾಲಕ್ರಮದಲ್ಲಿ ಖರ್ಚಾಗಿಹೋಗುತ್ತವೆ.

ಆಮೇಲೆ ಮೇಲ್ಪದರ ಪೆಡಸಾಗಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬಿರಿದು, ಒಳಗಿನ ಟಾಲ್ಕ್ ಪುಡಿ ಹೊರಗೆ ತೋರುತ್ತದೆ. ಬಿರುಕುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಕಪ್ಪು ಮೇಲ್ಮೈ ಬೂದುಬಣ್ಣವಾಗಿ ಕಾಣುತ್ತದೆ. ಪಾರದರ್ಶಕವಾದ ಕಲ್ಲುಸಕ್ಕರೆಯನ್ನು ಕುಟ್ಟಿದರೆ ಬಿಳಿ ಪುಡಿಯಾಗಿ ಕಾಣುವುದಕ್ಕೂ ಇದೇ ಕಾರಣ.

ಮಂಡ್ಯ, ಮದ್ದೂರು, ಮಳವಳ್ಳಿಯ ಪರಿಸ್ಥಿತಿ

ಈ ಮೂರು ಪಟ್ಟಣಗಳು ಉತ್ತರ ಅಕ್ಷಾಂಶ 12 ಮತ್ತು 13 ಡಿಗ್ರಿಗಳ ನಡುವೆ, ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದ ಬಯಲಿನಲ್ಲಿವೆ. ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಮತ್ತು ಆಗಸ್ಟ್ ಮಧ್ಯದ ನಂತರ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡಗಳು ಸ್ವಲ್ಪ ತಡೆಯುತ್ತವೆ. ಏಪ್ರಿಲ್‌ನಲ್ಲಿ ಆ ರಕ್ಷಣೆಯೂ ಕಡಿಮೆ. ನೇರ ಬಿಸಿಲಿನಲ್ಲಿ ನಿಂತ ಕಾರಿನ ಕಪ್ಪು ಪ್ಲಾಸ್ಟಿಕ್ ಸುತ್ತಲಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ, ಕಾದಷ್ಟೂ ಉತ್ಕರ್ಷಣೆಯ ವೇಗ ಹೆಚ್ಚುತ್ತದೆ.

ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಿಗಿಂತ ಬಾಡಿಗೆ ಕಾರುಗಳಿಗೆ ಇದರ ಹೊಡೆತ ಹೆಚ್ಚು. ಬೆಂಗಳೂರು–ಮೈಸೂರು ಹೆದ್ದಾರಿಯ ಹೋಟೆಲುಗಳ ಮುಂದೆಯೋ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತದ ಬಳಿಯೋ ಪ್ರವಾಸಿಗರಿಗಾಗಿ ಕಾಯುವ ಕಾರು ದಿನದ ಅತಿ ಬಿರುಸಿನ ಬಿಸಿಲನ್ನು ಬಯಲಿನಲ್ಲೇ ಕಳೆಯುತ್ತದೆ. ಬೂದಾದ ಬಂಪರಿನಿಂದ ಎಂಜಿನ್ನಿಗೆ ಏನೂ ಆಗುವುದಿಲ್ಲ. ಆದರೂ ಗಿರಾಕಿಯ ಕಣ್ಣಿಗೆ ಕಾರು ಹಳೆಯದೆನಿಸುತ್ತದೆ, ಮಾರುವಾಗ ಬೆಲೆ ಇಳಿಯುತ್ತದೆ.

ಬಿಳಿಚುವಿಕೆಯನ್ನು ಗುರುತಿಸುವುದು

ಬಿಳಿಯಾಗಿ ಕಂಡದ್ದೆಲ್ಲ ಬಿಳಿಚುವಿಕೆಯಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಬಿಸಿಲಲ್ಲೇ ಒಣಗಿಸಿದರೆ ಸುಣ್ಣದ ಕಲೆ ಉಳಿಯುತ್ತದೆ. ಬಣ್ಣಕ್ಕೆ ಹಚ್ಚಿದ ಮೇಣದ ಪಾಲಿಶ್ ಪ್ಲಾಸ್ಟಿಕ್ಕಿನ ತರಿಯಲ್ಲಿ ಸಿಕ್ಕಿಕೊಂಡು ಬೆಳ್ಳಗಾಗುತ್ತದೆ. ಮೊದಲನೆಯದಕ್ಕೆ ನೀರು ಬೆರೆಸಿದ ವಿನೆಗರ್, ಎರಡನೆಯದಕ್ಕೆ ಉಗುರುಬೆಚ್ಚಗಿನ ಸೋಪಿನ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹಣ ಖರ್ಚು ಮಾಡುವ ಅಗತ್ಯವಿಲ್ಲ.

ಇವೆರಡೂ ಅಲ್ಲವೆಂದು ಖಚಿತವಾದ ಮೇಲೆ ಪ್ಲಾಸ್ಟಿಕ್ಕಿನ ಮೇಲೆ ನೀರು ಚಿಮುಕಿಸಿ ನೋಡಬಹುದು. ಒಣಗಿದ ಕಲ್ಲುಚಪ್ಪಡಿ ನೀರು ಬಿದ್ದೊಡನೆ ಕಪ್ಪಾಗುವಂತೆ, ಬಿರುಕುಗಳಲ್ಲಿ ನೀರು ತುಂಬಿ ಬಂಪರ್ ಕಪ್ಪಾದರೆ ಸವೆತ ಇನ್ನೂ ತೆಳುವಾಗಿದೆ ಎಂದರ್ಥ. ಅಂತಹ ಪ್ಲಾಸ್ಟಿಕ್ಕಿಗೆ ಲೇಪನ ಸಾಕಾಗುತ್ತದೆ. ಒದ್ದೆಯಾದರೂ ಬೂದಾಗಿಯೇ ಉಳಿದರೆ, ಉಜ್ಜಿದ ಬೆರಳಿಗೆ ಪುಡಿ ಅಂಟಿದರೆ, ಬಣ್ಣ ಹೊಡೆಸುವುದು ಅಥವಾ ಭಾಗವನ್ನು ಬದಲಿಸುವುದೇ ಸರಿ.

ಪುನಶ್ಚೇತನದ ವಿಧಾನಗಳು

ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಸಿಲಿಕೋನ್ ಎಣ್ಣೆಯ ಡ್ರೆಸ್ಸಿಂಗ್. ಇದು ಮಾಡುವುದು ನೀರು ಮಾಡಿದ ಕೆಲಸವನ್ನೇ: ಬಿರುಕುಗಳನ್ನು ತುಂಬಿ ಬೆಳಕು ಚದುರುವುದನ್ನು ತಡೆಯುತ್ತದೆ. ನೀರಿಗಿಂತ ನಿಧಾನವಾಗಿ ಹೋಗುವುದರಿಂದ ಕೆಲವು ವಾರ ಕಪ್ಪು ಉಳಿಯುತ್ತದೆ. ನಾಲ್ಕು ಮಳೆ ಬಿದ್ದರೆ ಮತ್ತೆ ಬೂದು. ಗಟ್ಟಿಯಾಗಿ ಪದರ ಕಟ್ಟುವ ಸೆರಾಮಿಕ್ ಲೇಪನಗಳು ಮತ್ತು ಬಣ್ಣಗಟ್ಟುವ ದ್ರವಗಳು ಹೆಚ್ಚು ಕಾಲ ಬಾಳುತ್ತವೆ, ಆದರೆ ಮೇಲ್ಮೈ ಸಿದ್ಧತೆಯಲ್ಲಿ ಉದಾಸೀನವನ್ನು ಸಹಿಸುವುದಿಲ್ಲ. ತೊಳೆದು ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಜಿಡ್ಡು ತೆಗೆದು, ಬಣ್ಣದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೆರಳಿನಲ್ಲಿ ತೆಳುವಾಗಿ ಹಚ್ಚಬೇಕು.

ಹೀಟ್ ಗನ್ನಿನಿಂದ ಬಿಸಿಗಾಳಿ ಹಾಯಿಸುವ ವಿಧಾನಕ್ಕೆ ವಿಡಿಯೊಗಳಿಂದಾಗಿ ಪ್ರಚಾರ ಹೆಚ್ಚು. ಬಿಸಿಗೆ ಮೇಲ್ಪದರ ಮೆತ್ತಗಾಗಿ ಬಿರುಕು ಮುಚ್ಚುತ್ತದೆ. ಕಪ್ಪು ಕಣ್ಣೆದುರೇ ಮರಳುತ್ತದೆ. ಆದರೆ ಖರ್ಚಾದ ಕಿರಣನಿರೋಧಕ ಮರಳುವುದಿಲ್ಲವಾದ್ದರಿಂದ ಬಿಸಿಲು ಅದೇ ಪದರವನ್ನು ಮತ್ತೆ ಸೀಳುತ್ತದೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಹೀಟ್ ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಬಿಸಿ. ಕೈ ಕ್ಷಣಕಾಲ ಒಂದೆಡೆ ನಿಂತರೂ ಬಂಪರಿನ ತರಿ ಕರಗಿ ಹೊಳೆಯುವ ಕಲೆಯಾಗುತ್ತದೆ. ಪಕ್ಕದ ಬಣ್ಣವೂ ಉಬ್ಬಬಹುದು.

ಬಣ್ಣ ಹೊಡೆಸುವುದು ದುಬಾರಿ, ಆದರೆ ಬಾಳಿಕೆಯದು. ಪಾಲಿಪ್ರೊಪಿಲೀನ್‌ಗೆ ಬಣ್ಣ ತಾನಾಗಿ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಹೊಡೆದದ್ದು ಸಿಪ್ಪೆಯಂತೆ ಏಳುತ್ತದೆ. ಹಿಂದೆ ಸಿಲಿಕೋನ್ ಹಚ್ಚಿದ್ದರೆ ಟಿಂಕರಿಂಗ್ ಅಂಗಡಿಯವರಿಗೆ ಮೊದಲೇ ತಿಳಿಸಬೇಕು. ಅದರ ಅಂಶ ಉಳಿದಿದ್ದರೆ ಬಣ್ಣದಲ್ಲಿ ಮೀನಿನ ಕಣ್ಣಿನಂತಹ ಗುಳಿಗಳು ಮೂಡುತ್ತವೆ.

ಡೀಸೆಲ್ ಮತ್ತು ಅಡುಗೆ ಎಣ್ಣೆಯ ರೂಢಿ

ವಾಟರ್ ಸರ್ವಿಸ್ ಮಾಡಿದ ಮೇಲೆ ಬಂಪರಿಗೆ ಡೀಸೆಲ್ ಅಥವಾ ಸೀಮೆಎಣ್ಣೆ ಒರೆಸುವ ರೂಢಿ ಹಳೆಯದು. ಖರ್ಚು ಅತ್ಯಲ್ಪ, ಫಲ ತತ್‌ಕ್ಷಣ. ದಿನದ ಬಾಡಿಗೆಯನ್ನೇ ನಂಬಿದ ಚಾಲಕರಲ್ಲಿ ಇದು ಉಳಿದುಬಂದುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆದರೆ ಡೀಸೆಲ್ಲಿನ ಜಿಡ್ಡು ಧೂಳನ್ನು ಹಿಡಿದಿಡುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಮಣ್ಣುರಸ್ತೆಯಲ್ಲಿ ಒಂದೇ ದಿನಕ್ಕೆ ಬಂಪರ್ ಮೊದಲಿಗಿಂತ ಕೊಳಕಾಗುತ್ತದೆ. ಬಾಗಿಲು ಮತ್ತು ಗಾಜಿನ ರಬ್ಬರ್ ಪಟ್ಟಿಗಳಿಗೆ ತಗುಲಿದರೆ ಅವು ಊದಿಕೊಂಡು ಸಡಿಲವಾಗುತ್ತವೆ. ಕಡಲೆಕಾಯಿ ಎಣ್ಣೆ ರಬ್ಬರಿಗೆ ಅಷ್ಟು ಕೆಡುಕಲ್ಲದಿದ್ದರೂ ಬಿಸಿಲಿಗೆ ಅಂಟಂಟಾಗುತ್ತದೆ, ಕಮಟು ವಾಸನೆ ಬರುತ್ತದೆ.

ಇದರಲ್ಲಿ ಕಾರಿಗಿಂತ ದೊಡ್ಡ ವಿಷಯವೊಂದು ಅಡಗಿದೆ. ಕೃಷ್ಣರಾಜ ಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆ ಈ ಮೂರೂ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುತ್ತದೆ. ನಾಲೆಯ ಸೋಪಾನದಲ್ಲಿ ವಾಹನ ತೊಳೆದರೆ ಸೋಪಿನ ನೊರೆಯೊಂದಿಗೆ ಡೀಸೆಲ್ಲೂ ಕೆಳಗಿನ ಗದ್ದೆಗೆ, ದನಕರು ನೀರು ಕುಡಿಯುವ ಜಾಗಕ್ಕೆ ಹರಿಯುತ್ತದೆ.

ಹಳೆಯ ಕಾರಿನ ಖರೀದಿ

ಮಾರಾಟಕ್ಕಿಟ್ಟ ಹಳೆಯ ಕಾರುಗಳಿಗೆ ಡ್ರೆಸ್ಸಿಂಗ್ ಹಚ್ಚಿ ನಿಲ್ಲಿಸುವುದು ಸಾಮಾನ್ಯ. ಬಂಪರಿನ ಒಂದು ಮೂಲೆಯನ್ನು ಆಲ್ಕೋಹಾಲ್ ಸೋಕಿಸಿದ ಬಿಳಿ ಬಟ್ಟೆಯಿಂದ ಒರೆಸಿದರೆ ಮೇಲಿನ ಎಣ್ಣೆ ಹೋಗಿ ನಿಜಬಣ್ಣ ಕಾಣುತ್ತದೆ. ಬೂದುಬಣ್ಣ ಕಂಡರೆ ಕಾರು ಬಹುಕಾಲ ಬಯಲಿನಲ್ಲಿ ನಿಂತಿತ್ತೆಂದು ಊಹಿಸಬಹುದು; ಆಗ ಹೆಡ್‌ಲೈಟಿನ ಪ್ಲಾಸ್ಟಿಕ್ ಗಾಜು ಹಳದಿಯಾಗಿದೆಯೇ, ಗಾಜಿನ ಅಂಚಿನ ರಬ್ಬರ್ ಬಿರಿದಿದೆಯೇ ಎಂದೂ ನೋಡಬೇಕಾಗುತ್ತದೆ. ರಬ್ಬರ್ ಬಿರಿದಿದ್ದರೆ ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ.