ಮೊನಾರ್ಕ್ ಚಿಟ್ಟೆಯ ಮೂಲದೇಶವಿಚಾರ

ಉತ್ತರ ಅಮೆರಿಕದ ಮೊನಾರ್ಕ್ ಎಂಬ ಚಿಟ್ಟೆಯು ಶರತ್ಕಾಲದಲ್ಲಿ ಕೆನಡದ ಮೇರೆಯಿಂದ ಹೊರಟು, ಸುಮಾರು ೪,೦೦೦ ಕಿಲೋಮೀಟರುಗಳವರೆಗೂ ಹಾರಿ, ಮೆಕ್ಸಿಕೋ ದೇಶದ ಪರ್ವತಾರಣ್ಯಗಳಲ್ಲಿ ಚಳಿಗಾಲವನ್ನು ಕಳೆಯುತ್ತದೆ. ವಸಂತದಲ್ಲಿ ಹಿಂದಿರುಗುವಾಗ ಅದು ದಾರಿಯಲ್ಲಿಯೇ ಮೊಟ್ಟೆಯಿಟ್ಟು ಸಾಯುವುದು. ಮುಂದಿನ ಶರತ್ತಿನಲ್ಲಿ ದಕ್ಷಿಣಕ್ಕೆ ಬರತಕ್ಕವು ಮೂರು ನಾಲ್ಕು ತಲೆಗಳು ಕಳೆದ ಮೇಲೆ ಹುಟ್ಟಿದವು. ದಾರಿ ತೋರುವ ಹಿರಿಯರಿಲ್ಲದ ಈ ಯಾತ್ರೆಯ ಬೀಜವು ದೇಹದಲ್ಲಿಯೇ ಇರಬೇಕೆಂಬುದು ಸ್ಪಷ್ಟ.

ಇದೇ ಚಿಟ್ಟೆ ದಕ್ಷಿಣ ಅಮೆರಿಕ, ಹವಾಯಿ ದ್ವೀಪಗಳು, ಸ್ಪೇನು ಮೊದಲಾದೆಡೆಗಳಲ್ಲಿಯೂ ಉಂಟು. ಅಲ್ಲಿಯವು ಇಂತಹ ದೂರಯಾತ್ರೆಯನ್ನು ಮಾಡವು. ಇದರ ಬಂಧುವರ್ಗವೂ ಹೆಚ್ಚಾಗಿ ಉಷ್ಣದೇಶದ್ದು. ಕನ್ನಡನಾಡಿನಲ್ಲಿ ಎಕ್ಕದೆಲೆಯನ್ನು ಮೇದು ಬೆಳೆಯುವ ಹುಳುವಿನಿಂದ ಹೊರಡುವ ಕಿತ್ತಳೆ ಬಣ್ಣದ ಚಿಟ್ಟೆಯೂ ಇದರ ದಾಯಾದಿಯೇ. ಆದಕಾರಣ ಮೊನಾರ್ಕ್ ಮೂಲತಃ ಉಷ್ಣದೇಶವಾಸಿ, ವಲಸೆಯು ಉತ್ತರಕ್ಕೆ ಹಬ್ಬಿದ ಮೇಲೆ ಬಂದ ಧರ್ಮ ಎಂಬ ಪಕ್ಷವು ಬಹುಕಾಲ ಪ್ರಬಲವಾಗಿತ್ತು. ಯುಕ್ತಿಗೆ ಒಪ್ಪುವ ಪಕ್ಷವೇ; ಪ್ರಮಾಣವು ಮಾತ್ರ ಇದಕ್ಕೆ ವಿರೋಧವಾಗಿದೆ.

ಆ ಪ್ರಮಾಣವೇ ಜೀನೋಮ್, ಎಂದರೆ ಜೀವಕೋಶದೊಳಗಣ ಡಿಎನ್ಎ ಎಂಬ ದ್ರವ್ಯದಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದಂತಿರುವ ವಂಶಲಿಪಿ. ಸ್ಟೀವನ್ ರೆಪರ್ಟ್ ಮತ್ತು ಅವರ ಸಹಕಾರಿಗಳು ಮೊನಾರ್ಕಿನ ಲಿಪಿಯನ್ನು ೨೦೧೧ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು ೨೭ ಕೋಟಿ ಅಕ್ಷರಗಳು. ಜೀನುಗಳೆಂದು ಎಣಿಸಿದವು ೧೬,೮೬೬. ಇವೆಲ್ಲ ೩೦ ಜೋಡಿ ವರ್ಣತಂತುಗಳಲ್ಲಿ ಹಂಚಿವೆ. ಲಿಂಗವನ್ನು ನಿರ್ಣಯಿಸುವ ತಂತುವಿಗೆ ಬೇರೊಂದು ತಂತು ಸಂಧಿಯಾಗಿ ಸೇರಿಕೊಂಡಿದೆಯೆಂದು ೨೦೧೭ರಲ್ಲಿ ತಿಳಿದುಬಂದಿತು.

೨೦೧೪ರಲ್ಲಿ ಷುವಾಯ್ ಜಾನ್, ಮಾರ್ಕಸ್ ಕ್ರೋನ್‌ಫಾರ್ಸ್ಟ್ ಮೊದಲಾದವರು ಮೊನಾರ್ಕ್ ಮತ್ತು ಅದರ ಬಂಧುಗಳ ೧೦೧ ಚಿಟ್ಟೆಗಳ ಲಿಪಿಗಳನ್ನು ಹೋಲಿಸಿದರು. ಓಲೆಪ್ರತಿಗಳ ಪಾಠಾಂತರಗಳನ್ನು ಹಿಡಿದು, ಯಾವ ಪ್ರತಿಯು ಯಾವುದರಿಂದ ಇಳಿದುದೆಂದು ಗ್ರಂಥಸಂಪಾದಕರು ನಿರ್ಣಯಿಸುವ ಕ್ರಮಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಉತ್ತರ ಅಮೆರಿಕದ ಶಾಖೆಯೇ ಬುಡಕ್ಕೆ ಸಮೀಪವೆಂದು ಕಂಡಿತು. ಅಲ್ಲಿಂದ ದಕ್ಷಿಣಕ್ಕೆ, ಪೆಸಿಫಿಕ್ ಸಾಗರದ ಕಡೆಗೆ, ಅಟ್ಲಾಂಟಿಕ್ ಸಾಗರದಾಚೆಗೆ ಎಂದು ಮೂರು ಬೇರೆ ಬೇರೆ ಪ್ರಸರಣಗಳು ನಡೆದಿವೆ. ಮೂರರಲ್ಲಿಯೂ ವಲಸೆಯು ಲೋಪವಾಗಿದೆ. ಹೀಗಾಗಿ ವಲಸೆಯೇ ಮೂಲ, ನೆಲೆನಿಲ್ಲುವುದು ವಿಕಾರವೆಂದಾಯಿತು. ಬಂಧುಗಳ ದೇಶದಿಂದ ಇದರ ದೇಶವನ್ನು ಊಹಿಸಿದುದೇ ಪೂರ್ವಪಕ್ಷದ ದೋಷ.

ಇನ್ನೊಂದು ಅಂಶವು ಇದಕ್ಕಿಂತಲೂ ಅನಿರೀಕ್ಷಿತವಾದುದು. ವಲಸೆಯ ಚಿಟ್ಟೆಗೂ ನೆಲೆನಿಂತ ಚಿಟ್ಟೆಗೂ ಅತ್ಯಂತ ಸ್ಫುಟವಾದ ಪಾಠಭೇದವು ಕೊಲಾಜನ್ ಎಂಬ ಪ್ರೋಟೀನಿನ ಜೀನೊಂದರಲ್ಲಿ ಕಂಡಿತು. ಇದು ಹಾರುವ ಸ್ನಾಯುಗಳಿಗೆ ಸಂಬಂಧಿಸಿದ್ದು. ವಲಸೆಯ ಚಿಟ್ಟೆ ಹಾರುವಾಗ ಕಡಿಮೆ ಆಮ್ಲಜನಕವನ್ನು ಬಳಸುತ್ತದೆ, ಅಂದರೆ ಮಿತವ್ಯಯಿ. ಈ ಒಂದೇ ಜೀನು ಯಾತ್ರೆಗೆ ಕಾರಣವೆಂದು ಹೇಳಲಾಗದು. ದಿಕ್ಕನ್ನರಿಯಲು ಸೂರ್ಯನೂ, ಸೂರ್ಯನ ಚಲನೆಯನ್ನು ಸರಿತೂಗಿಸಲು ಮೀಸೆಗಳೊಳಗಿನ ಕಾಲಮಾಪಕವೂ ಬೇಕೆಂಬುದು ೨೦೦೯ರಲ್ಲಿಯೇ ಪ್ರಯೋಗದಿಂದ ಸಿದ್ಧವಾಗಿದೆ.